ಬದಲಿಗೆ ಬಂದವನ ಹೆಸರು

ಅಮೆರಿಕದ ಈ ಎಡಿಸನ್ ಊರಿನಲ್ಲಿ ನಮ್ಮವರು ನಾಲ್ಕು ಜನ ಒಂದೆಡೆ ಸೇರಿದರೆ ಸಾಕು, ಜಗತ್ತಿನಲ್ಲಿರುವುದೆಲ್ಲ ಕೊನೆಗೆ ದೋಸೆಯ ಹಾಗೆ ಆಗಿಬಿಡುತ್ತದೆ. ಫ್ರೆಂಚರ ಕ್ರೇಪು ದೋಸೆಯ ಹಾಗೆ. ಮೆಕ್ಸಿಕೋದವರ ಟಾರ್ಟಿಯಾ ಸ್ವಲ್ಪ ಒಣಗಿದ ದೋಸೆಯ ಹಾಗೆ. ಇಥಿಯೋಪಿಯಾದ ಇಂಜೆರಾ ಅಂತೂ "ಸೇಮ್ ಟು ಸೇಮ್ ಸೆಟ್ ದೋಸೆ ಕಣ್ರೀ, ಸ್ವಲ್ಪ ಹುಳಿ ಜಾಸ್ತಿ ಅಷ್ಟೇ." ನಾನು ತಿಂದು ನೋಡಿದ್ದೇನೆ. ದೋಸೆಯ ಹಾಗಿಲ್ಲ. ಇಂಜೆರಾದ ಹಾಗಿದೆ. ಹೀಗೆ ಲೋಕವನ್ನೆಲ್ಲ ತಮ್ಮ ಕಾವಲಿಯ ಮೇಲೆ ಹುಯ್ದುಕೊಳ್ಳುವ ಈ ಜನಕ್ಕೆ, ನಿಜವಾಗಿ ತಮ್ಮ ಹಾಗೆಯೇ ಇರುವ ಒಂದು ವಿಷಯ ಮನೆಬಾಗಿಲಿಗೆ ಬಂದು ನಿಂತಾಗ ಮಾತ್ರ ಗುರುತು ಸಿಗಲಿಲ್ಲ. ನನಗೂ ತಕ್ಷಣ ಸಿಗಲಿಲ್ಲ ಎನ್ನುವುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಾನ್ವೆಂಟಿನಲ್ಲಿ ಕಲಿತ ನಾಲ್ಕು ಒಳ್ಳೆಯ ಅಭ್ಯಾಸಗಳಲ್ಲಿ ಕನ್ಫೆಷನ್ ಒಂದು.

ಕಳೆದ ವಿಂಟರಿನಲ್ಲಿ ಡ್ರೈವ್‌ವೇಯ ಐಸಿನ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡೆ. ನಾನಿರುವುದು ಮಗಳ ಮನೆಯಲ್ಲಿ. ಮಗಳು ಕ್ರ್ಯಾನ್‌ಬರಿಯ ಒಂದು ಔಷಧ ಕಂಪನಿಯಲ್ಲಿ ಕಂಪ್ಲಯನ್ಸ್ ವಿಭಾಗದವಳು. ಅಂದರೆ, ಉಳಿದವರು ಮಾಡಿದ್ದನ್ನು ಸರಿಯಾಗಿ ಬರೆದಿಟ್ಟಿದ್ದಾರೆಯೇ ಎಂದು ಜೀವನವಿಡೀ ನೋಡುವ ಕೆಲಸ. ಅಳಿಯ ದಿನವೂ ಟ್ರೇನಿನಲ್ಲಿ ನ್ಯೂಯಾರ್ಕಿಗೆ ಕಮ್ಯೂಟ್ ಮಾಡುವವನು. ಮನೆಯಲ್ಲಿರುವಾಗಲೂ ಕಿವಿಯಲ್ಲಿ ಇಯರ್‌ಫೋನ್ ಇರುವುದರಿಂದ ಅವನನ್ನು ಈ ಬರಹದಿಂದ ಹೊರಗೆ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಮೊಮ್ಮಗಳು ಸ್ಕೂಲಿಗೆ ಹೋಗುತ್ತಾಳೆ. ಹಾಗಾಗಿ ನನ್ನನ್ನು ಎಬ್ಬಿಸಿ, ಸ್ನಾನ ಮಾಡಿಸಿ, ವಾಕರ್ ಹಿಡಿಸಿ ನಡೆಸುವುದಕ್ಕೆ ವಾರಕ್ಕೆ ನಾಲ್ಕು ದಿನ ಒಂದು ಏಜೆನ್ಸಿಯಿಂದ ಹೋಮ್ ಏಡ್ ಒಬ್ಬಳು ಬರುವುದೆಂದು ಏರ್ಪಾಡಾಯಿತು.

ಬಂದವಳು ಇಥಿಯೋಪಿಯಾದವಳು. ನಲವತ್ತರ ಆಸುಪಾಸು, ನೀಳ ಕತ್ತು, ಮಾತು ಕಡಿಮೆ. ಎದೆಯ ಮೇಲಿನ ಬ್ಯಾಡ್ಜಿನಲ್ಲಿ ದಪ್ಪ ಅಕ್ಷರದಲ್ಲಿ ಮಿಟಿಕು ಎಂದಿತ್ತು. ಅವಳ ಸ್ವಂತ ಹೆಸರು ಅದರ ಕೆಳಗೆ, ಇರುವೆಯ ಸಾಲಿನ ಹಾಗೆ. ನಾನು ಸಿಸ್ಟರುಗಳ ಕೈಕೆಳಗೆ ಬೆಳೆದವಳಲ್ಲವೆ, ಸೇವೆಗೆ ಬಂದವರನ್ನೂ ಮರ್ಯಾದೆಯಿಂದ ಕರೆಯಬೇಕೆಂದು "ಮಿಸ್ ಮಿಟಿಕು" ಎಂದೆ. ತಿರುಗಲಿಲ್ಲ. ಮತ್ತೆ ಕರೆದೆ. ತಿರುಗಲಿಲ್ಲ. ಏಜೆನ್ಸಿಯವರು ಕಿವುಡಿಯನ್ನು ಕಳಿಸಿದ್ದಾರೆಂದು ಮನಸ್ಸಿನಲ್ಲೇ ಬೈದುಕೊಂಡು ಮೂರನೆಯ ಸಲ ಕೂಗಿದಾಗ ಅವಳು ನನ್ನ ಕಡೆಯಲ್ಲ, ಬಾಗಿಲ ಕಡೆ ನೋಡಿದಳು.

"ಸಾರಿ ಮಾಮಾ," ಎಂದಳು. "ಅದು ನನ್ನ ಅಪ್ಪನ ಹೆಸರು. ಯಾರಾದರೂ ಹಾಗೆ ಕರೆದರೆ ಅವರು ಬಂದುಬಿಟ್ಟರೇನೋ ಅಂತ ನೋಡ್ತೀನಿ."

ನಾವಿಬ್ಬರೂ ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ; ಅವಳ ಮಾಮಾ ಅಂದರೆ ಅಮ್ಮ, ನಮ್ಮ ಸೋದರಮಾವ ಅಲ್ಲ. ಇಂಗ್ಲಿಷನ್ನು ಅವಳು ಎಚ್ಚರದಿಂದ, ತೊಳೆದಿಟ್ಟ ಗಾಜಿನ ಲೋಟಗಳನ್ನು ಜೋಡಿಸುವ ಹಾಗೆ ಆಡುತ್ತಿದ್ದಳು.

ವಿವರ ಬಂದದ್ದು ಇನ್ನೊಂದು ದಿನ, ನನ್ನ ಕಾಲಿಗೆ ಸಾಕ್ಸ್ ಏರಿಸುತ್ತಿದ್ದಾಗ. "ನಮ್ಮಲ್ಲಿ ಸರ್‌ನೇಮ್ ಅನ್ನೋದೇ ಇಲ್ಲ ಮಾಮಾ. ಮೊದಲು ನನ್ನ ಹೆಸರು, ಹಿಂದೆ ಅಪ್ಪನ ಹೆಸರು. ಬೇಕೇ ಬೇಕು ಅಂದರೆ ಅದರ ಹಿಂದೆ ತಾತನದು. ಮದುವೆಯಾದರೂ ಬದಲಾಗಲ್ಲ. ನನ್ನ ಮಗಳ ಹಿಂದೆ ಅವಳ ಅಪ್ಪನ ಹೆಸರಿದೆ. ಅವಳ ಮಕ್ಕಳ ಹಿಂದೆ ಅವರ ಅಪ್ಪನದು ಬರುತ್ತೆ. ಹೊಸಬರು ಹತ್ತಿದ ಹಾಗೆ ಹಳಬರು ಇಳಿದುಕೊಳ್ತಾರೆ, ಬಸ್ಸಿನಲ್ಲಿನ ಹಾಗೆ."

"ಮಿಟಿಕು ಅಂದರೆ ಏನು?"

"ಅವನ ಬದಲಿಗೆ ಬಂದವನು ಅಂತ."

"ಯಾರ ಬದಲಿಗೆ?"

"ಅಪ್ಪನಿಗಿಂತ ಮುಂಚೆ ಒಬ್ಬ ಹುಟ್ಟಿದ್ದ. ಎರಡು ವರ್ಷಕ್ಕೆ ಜ್ವರ ಬಂದು ಹೋದ. ಆಮೇಲೆ ಹುಟ್ಟಿದ್ದು ಅಪ್ಪ."

"ಆ ಮೊದಲನೆಯವನ ಹೆಸರೇನು?"

ಸಾಕ್ಸಿನ ಹಿಮ್ಮಡಿಯನ್ನು ಸರಿಮಾಡಿ, "ಯಾರೂ ಹೇಳಲಿಲ್ಲ," ಎಂದಳು. "ಅಪ್ಪನಿಗೂ ಗೊತ್ತಿರಲಿಲ್ಲ."

ನನಗೆ ಇದೆಲ್ಲ ಹೊಸದೇನೂ ಆಗಬೇಕಾಗಿರಲಿಲ್ಲ. ನಮ್ಮಲ್ಲೂ ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ, ಎತ್ತಿ ತಂದು ತಿಪ್ಪ ಎಂದು ಕರೆಯುತ್ತಿದ್ದರು, ಯಮನಿಗೆ ಅದು ಬೇಡದ ಪದಾರ್ಥ ಅನ್ನಿಸಲಿ ಎಂದು. ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದರೆ ಸಾಕಮ್ಮ. ನನ್ನ ಸೋದರತ್ತೆ ಒಬ್ಬಳು ಐದನೆಯವಳು. ತೊಂಬತ್ತರ ತನಕ ಬದುಕಿ, ದಿನಕ್ಕೆ ಹತ್ತು ಸಲ ಎಲ್ಲರ ಬಾಯಿಂದ "ಸಾಕೂ, ಬಾರೇ ಇಲ್ಲಿ" ಎನ್ನಿಸಿಕೊಂಡಳು. ಕಾನ್ವೆಂಟಿನಲ್ಲಿ ಇಂಥ ಹೆಸರಿನ ಹುಡುಗಿಯರು ಸೇರಿದಾಗ ನಾವು ಕರ್ಚೀಫು ಬಾಯಿಗಿಟ್ಟುಕೊಂಡು ನಕ್ಕಿದ್ದೇವೆ. ಯಮನಿಗೆ ಹೆದರಿದ ತಾಯಿಯೊಬ್ಬಳು ಮಾಡಿದ ಉಪಾಯಕ್ಕೆ ನಗುವಷ್ಟು ಎಜುಕೇಟೆಡ್ ಆಗಿದ್ದೆವು.

ಒಮ್ಮೆ ಅರ್ಥ ತಿಳಿದ ಮೇಲೆ ಆ ಹೆಸರು ಎಲ್ಲೆಲ್ಲೂ ಕಾಣತೊಡಗಿತು. ಮಾಲಿನ ಎದುರಿನ ಡೆಂಟಿಸ್ಟರ ಬೋರ್ಡಿನ ಮೇಲೆ ಡಾಕ್ಟರ್ ಮಿಟಿಕು. ನೆವಾರ್ಕ್ ಏರ್‌ಪೋರ್ಟಿನಿಂದ ನೆಂಟರನ್ನು ಕರೆತಂದ ಟ್ಯಾಕ್ಸಿಯ ಲೈಸೆನ್ಸಿನ ಮೇಲೆ. ಜ್ಯಾಕ್ಸನ್ ಹೈಟ್ಸಿನಲ್ಲಿ ಸೀರೆ ಅಂಗಡಿಯ ಮೇಲಿನ ಮಹಡಿಯ ಯಾವನೋ ವಕೀಲನ ಫಲಕದ ಮೇಲೆ. "ಇವರೆಲ್ಲ ನಿನ್ನ ಕಡೆಯವರೇನು?" ಎಂದು ಕೇಳಿದೆ.

"ಇಲ್ಲ ಮಾಮಾ. ಎಲ್ಲೆಲ್ಲಿ ಒಂದು ಮಗು ಹೋಗಿದೆಯೋ ಅಲ್ಲೊಬ್ಬ ಮಿಟಿಕು. ನಮ್ಮ ಕಡೆ ಮಕ್ಕಳು ತುಂಬಾ ಹೋಗ್ತಿದ್ದವು."

ಆದರೆ ಇಲ್ಲಿ, ಈ ದೇಶದಲ್ಲಿ, ಬಸ್ಸಿನಿಂದ ಯಾರನ್ನೂ ಇಳಿಯಗೊಡುವುದಿಲ್ಲ. ಅಪ್ಪನ ಹೆಸರನ್ನು ಲಾಸ್ಟ್ ನೇಮ್ ಎಂಬ ಚೌಕದಲ್ಲಿ ಬರೆದರೆ ಮುಗಿಯಿತು, ಅದು ಅಲ್ಲೇ ಹೆಪ್ಪುಗಟ್ಟಿ ಫ್ಯಾಮಿಲಿ ನೇಮ್ ಆಗುತ್ತದೆ. ಆ ಡೆಂಟಿಸ್ಟರ ಮಕ್ಕಳೂ ಮಿಟಿಕು, ಮೊಮ್ಮಕ್ಕಳೂ ಮಿಟಿಕು. ಒಳ್ಳೆಯ ಇನ್ಶೂರೆನ್ಸಿನಲ್ಲಿ ಹುಟ್ಟಿ, ಸಾಕರ್ ಆಡಿ, ಹಲ್ಲಿಗೆ ತಂತಿ ಕಟ್ಟಿಸಿಕೊಂಡು ಬೆಳೆಯುವ ಹುಡುಗಿಯರು, ಎಂದೋ ಎಲ್ಲೋ ಜ್ವರದಲ್ಲಿ ಹೋದ ಕೂಸೊಂದರ ಬದಲಿಗೆ ಬಂದವರೆಂದು ಕ್ಲಾಸಿನಲ್ಲಿ ಕೈಯೆತ್ತಿ "ಪ್ರೆಸೆಂಟ್" ಹೇಳುತ್ತಾರೆ. ಅರ್ಥ ಗೊತ್ತಿದ್ದರೆ ತಾನೆ ಭಾರ.

ಹಾಗೆ ನೋಡಿದರೆ ನನ್ನ ಹೆಸರಿನ ಬಾಲದ ಕಥೆಯೂ ಇದೇ. ಮೈಸೂರಿನ ಕಾನ್ವೆಂಟಿಗೆ ಅಪ್ಪ ನನ್ನನ್ನು ಸೇರಿಸಲು ಹೋದ ದಿನ, ರಿಜಿಸ್ಟರ್ ತೆರೆದು ಕೂತಿದ್ದ ಸಿಸ್ಟರ್ "ಸರ್‌ನೇಮ್?" ಎಂದರು. ಅಪ್ಪ ಬಹಳ ವಿನಯದಿಂದ "ನಮ್ಮಲ್ಲಿ ಅದಿಲ್ಲ ಮದರ್," ಎಂದರು. "ಎವ್ರಿಬಡಿ ಹ್ಯಾಸ್ ಒನ್," ಎಂದು ಸಿಸ್ಟರ್ ಅಪ್ಪನ ಹೆಸರನ್ನೇ ನನ್ನ ಹಿಂದೆ ಬರೆದರು. ಮದುವೆಯಾದ ಮೇಲೆ ಬ್ಯಾಂಕಿನ ಗುಮಾಸ್ತನೊಬ್ಬ ಅದನ್ನು ಹೊಡೆದುಹಾಕಿ ಗಂಡನ ಹೆಸರು ಬರೆದ. ಎರಡು ಸಲವೂ ನನ್ನನ್ನು ಯಾರೂ ಕೇಳಲಿಲ್ಲ.

ಆ ಗಂಡನ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲ. ಮದುವೆಯ ದಿನ ಹೊಸ್ತಿಲ ಬಳಿ ಹೆಂಗಸರು ಅಡ್ಡಗಟ್ಟಿ "ಹೆಸರು ಹೇಳಿ ಒಳಗೆ ಬಾ" ಎಂದರು. ಒಂದು ಒಗಟು ಕಟ್ಟಿ, ಅದರೊಳಗೆ ಗಂಡನ ಹೆಸರಿಟ್ಟು ಹೇಳಬೇಕು. ಆಮೇಲೆ ಜೀವಮಾನವಿಡೀ ಹೇಳಬಾರದು. ಪಕ್ಕದಲ್ಲಿ ಅವರು ನಿಂತು ಕಿವಿಗೊಟ್ಟು ಕಾಯುತ್ತಿದ್ದರು. ನಾನು "ಹೌ ಸಿಲ್ಲಿ," ಎಂದೆ, ಎಲ್ಲರಿಗೂ ಕೇಳುವ ಹಾಗೆ. ಅವರ ಸೋದರತ್ತೆಯ ಮುಖ ಸೊಟ್ಟಗಾಯಿತು. ಅವರೇ ನಗುತ್ತ, "ಬಿಡಿ ಅತ್ತೆ, ಇಂಗ್ಲಿಷ್ ಮೀಡಿಯಮ್ಮು, ಸಿಲಬಸ್‌ನಲ್ಲಿ ಇರಲಿಲ್ಲ," ಎಂದು ನನ್ನನ್ನು ಒಳಗೆ ಕರೆದುಕೊಂಡರು. ಹೇಳಬೇಕಾದ ಒಂದು ದಿನ ಹೇಳಲಿಲ್ಲ. ಹೇಳಬಾರದ ಉಳಿದ ದಿನಗಳಲ್ಲಿ ಆ ಮನೆಯ ರೂಢಿಗೆ ಬಾಗಿ ಹೇಳಲಿಲ್ಲ. ಕೊನೆಕೊನೆಗೆ ಅದು ಭಕ್ತಿಯೂ ಅಲ್ಲ, ಬರೀ ಹಟ. ಆಸ್ಪತ್ರೆಯಲ್ಲಿ ಅವರ ಕಡೆಯ ವಾರ, "ಈಗಲಾದರೂ ಒಂದು ಸಲ ಹೇಳೇ, ನೋಡೋಣ," ಎಂದರು. "ಸುಮ್ಮನಿರ್ರೀ, ನರ್ಸ್ ಇದಾರೆ," ಎಂದೆ.

ಅಮೆರಿಕಕ್ಕೆ ಬಂದ ಮೇಲೆ ಪ್ರತಿ ಕೌಂಟರಿನಲ್ಲೂ ಅದೇ ಪ್ರಶ್ನೆ, "ಲಾಸ್ಟ್ ನೇಮ್?" ನಾನು ಕಾರ್ಡು ತಳ್ಳುತ್ತೇನೆ. ಕಾರ್ಡಿಲ್ಲದಿದ್ದರೆ ಒಂದೊಂದೇ ಅಕ್ಷರ ಬಿಡಿಬಿಡಿಯಾಗಿ ಸ್ಪೆಲ್ ಮಾಡುತ್ತೇನೆ. ಬಿಡಿ ಅಕ್ಷರ ಹೇಳಿದರೆ ಹೆಸರು ಹೇಳಿದಂತಲ್ಲ ಎಂದು ನನ್ನದೇ ಒಂದು ಕಾನೂನು ಮಾಡಿಕೊಂಡಿದ್ದೆ. ಜೊತೆಗೆ ಬಂದ ಮಗಳು "ಅಮ್ಮ, ದೇ ಹ್ಯಾವ್ ಅ ಲೈನ್ ಬಿಹೈಂಡ್ ಅಸ್," ಎಂದು ತಾನೇ ಹೇಳಿಬಿಡುತ್ತಾಳೆ. ಅಪ್ಪನ ಹೆಸರು ಅವಳ ಬಾಯಲ್ಲಿ ಎಷ್ಟು ಸಲೀಸು.

ಇಷ್ಟರಲ್ಲಿ ಅಂಕಲ್ ಬಂದರು. ನಾನು ಯಾರನ್ನೂ ಅಂಕಲ್ ಅನ್ನುವ ವಯಸ್ಸಿನವಳಲ್ಲ. ಆದರೆ ಇಡೀ ಎಡಿಸನ್ ಅವರನ್ನು ಹಾಗೇ ಕರೆಯುತ್ತದೆ. ಧಾರವಾಡದ ಕಡೆಯವರು, ರಿಟೈರ್ಡ್ ಎಂಜಿನಿಯರ್. ಸೇತುವೆ ಕಟ್ಟುವುದು ನಿಂತ ಮೇಲೆ ನಮ್ಮ ಸೀನಿಯರ್ಸ್ ಗುಂಪಿನವರೆಲ್ಲರ ವಂಶವೃಕ್ಷದ ಪುಸ್ತಕ ಕಟ್ಟಲು ಹೊರಟಿದ್ದರು. ಲ್ಯಾಪ್‌ಟಾಪ್ ಹಿಡಿದು ಮನೆಮನೆಗೆ ಹೋಗಿ, ಟೀ ಕುಡಿದು, ಸತ್ತವರ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದರು.

"ಸೊಂಟ ಹೆಂಗದ್ರೀ ಅಕ್ಕಾರ?" ಎನ್ನುತ್ತ ಕೂತರು. "ನಿಮ್ಮ ಅಡ್ಡಹೆಸರು ಏನ್ ಬರಕೊಳ್ಳಲಿ?"

"ನಮಗೆ ಅಡ್ಡಹೆಸರಿಲ್ಲ."

"ಇದ ನೋಡ್ರಿ ನಿಮ್ಮ ಮೈಸೂರು ಮಂದೀ ಕತಿ! ಬರೇ ಇನಿಷಿಯಲ್ಲು. ಅಡ್ಡಹೆಸರು ಅಂದ್ರ ಮನುಷ್ಯಾಗ ಬೆನ್ನೆಲಬು ಇದ್ಧಂಗ್ರೀ. ಏಳು ತಲಿಮಾರಿನ ಅಡ್ರೆಸ್ ಅದು."

"ಇರೋ ಮೂಳೆಗಳನ್ನೇ ನೆಟ್ಟಗೆ ಇಟ್ಟುಕೊಳ್ಳೋಕೆ ಆಗಿಲ್ಲ ನನಗೆ, ಇನ್ನೊಂದು ಯಾಕೆ?" ಎಂದೆ.

ಅವರ ಅಡ್ಡಹೆಸರು ಒಂದು ತರಕಾರಿ. ಯಾವುದೆಂದು ಹೇಳುವುದಿಲ್ಲ, ಪ್ರತಿ ಅಡುಗೆಮನೆಯಲ್ಲೂ ಇರುತ್ತದೆ. ಒಂದು ತರಕಾರಿಯನ್ನು ಏಳು ತಲೆಮಾರು ಬುಟ್ಟಿ ಇಳಿಸದೆ ಹೊತ್ತವರ ಗತ್ತು ಆ ಮುಖದಲ್ಲಿತ್ತು. ನನ್ನ ಮರ ಮೂರೇ ಕೊಂಬೆಗೆ ಮುಗಿದದ್ದರಿಂದ ಬೇಸರವಾಗಿ, ನನಗೆ ಮಾತ್ರೆ ತಂದ ಮಿಟಿಕುವಿನ ಮಗಳ ಕಡೆ ತಿರುಗಿದರು. ಅವಳು ಕೇಳಿದ್ದಕ್ಕೆಲ್ಲ ಸರಳವಾಗಿ ಉತ್ತರ ಕೊಟ್ಟಳು. ಅಪ್ಪನ ಹೆಸರಿನ ಹಿಂದೆ ಇರುವುದು ತಾತನ ಹೆಸರು, ಅದು ಬೇರೆ. ತನ್ನ ಹಿಂದೆ ಮಿಟಿಕು. ಇಥಿಯೋಪಿಯಾದ ಆಡಿಸ್‌ನಲ್ಲಿ ಅಜ್ಜಿಯ ಜೊತೆ ಇರುವ ಒಂಬತ್ತು ವರ್ಷದ ಮಗಳ ಹಿಂದೆ ತೀರಿಹೋದ ಗಂಡನ ಹೆಸರು. ಮಾಲಿನ ಎದುರಿನ ಡೆಂಟಿಸ್ಟ್ ತನಗೆ ಏನೂ ಆಗಬೇಕಿಲ್ಲ.

ಅಂಕಲ್ ಹೂಂಗುಟ್ಟಿದರು. ಹೊರಡುವಾಗ ಅಡುಗೆಮನೆಯಲ್ಲಿ ಮಗಳನ್ನು ನಿಲ್ಲಿಸಿಕೊಂಡು ದನಿ ತಗ್ಗಿಸಿ ಹೇಳಿದ್ದು ನನ್ನ ರಿಕ್ಲೈನರಿನ ತನಕ ಕೇಳಿಸಿತು. ಧಾರವಾಡದ ಪಿಸುಮಾತು ಮೈಸೂರಿನ ಭಾಷಣದಷ್ಟಿರುತ್ತದೆ.

"ನೋಡವಾ, ನಾ ಹೇಳಿದೆ ಅಂತ ಅನಬ್ಯಾಡ. ಅಪ್ಪಂದೊಂದು, ತಂದೊಂದು, ಮಗಳದೊಂದು. ಮೂರು ತಲಿ, ಮೂರು ಲಾಸ್ಟ್ ನೇಮ್! ಎಲ್ಲೆರ ಕೇಳಿಯೇನು? ಅದ ಹೆಸರಿನ ಡೆಂಟಿಸ್ಟ್ ಇಲ್ಲೇ ಇದ್ದಾನ, ನನಗ ಸಂಬಂಧ ಇಲ್ಲ ಅಂತಾಳ. ಪೇಪರ್ಸ್ ಏನೋ ಗದ್ಲ ಐತಿ. ಮನ್ಯಾಗ ವಯಸ್ಸಾದಾಕಿ ಒಬ್ಬಾಕಿನ ಇರ್ತಾಳ, ಸ್ವಲ್ಪ ಕೇರ್‌ಫುಲ್ ಇರು."

ನಾನು ಏನೂ ಹೇಳಲಿಲ್ಲ. ಹೇಳಲು ನನಗೆ ಎಲ್ಲವೂ ಗೊತ್ತಿತ್ತು. ಆದರೂ ಆ ಮಧ್ಯಾಹ್ನ ಒಂದು ಸಣ್ಣ ಮುಳ್ಳು ನನ್ನಲ್ಲೂ ಚುಚ್ಚಿತು: ಇರಬಹುದೇ? ಕಾನ್ವೆಂಟಿನ ವರಾಂಡದಲ್ಲಿ ಆಫ್ರಿಕಾದ ಬಡಮಕ್ಕಳಿಗೆಂದು ಒಂದು ಡಬ್ಬಿ ಇತ್ತು. ಅದನ್ನು ನೋಡಿಕೊಂಡು ಬೆಳೆದ ಕಣ್ಣು ಎಂಬತ್ತಕ್ಕೆ ಬಂದರೂ ಪೂರ್ತಿ ತೊಳೆದುಹೋಗಿರಲಿಲ್ಲ. ಮರುದಿನ ಮಗಳು ಏಜೆನ್ಸಿಗೆ ಫೋನ್ ಮಾಡಿ, "ನಥಿಂಗ್ ಪರ್ಸನಲ್, ಜಸ್ಟ್ ಔಟ್ ಆಫ್ ಆನ್ ಅಬಂಡೆನ್ಸ್ ಆಫ್ ಕಾಷನ್," ಎಂದಳು. ಈ ದೇಶದ ಭಾಷೆಯಲ್ಲಿ ಕತ್ತು ಹಿಸುಕುವುದಕ್ಕೆ ಇಷ್ಟು ಮೆತ್ತಗಿನ ಮಾತಿದೆ.

ಮುಂದಿನ ವಾರ ಬೇರೆ ಹೆಂಗಸು ಬಂದಳು. ಕೆಟ್ಟವಳಲ್ಲ. ನನ್ನನ್ನು ಸ್ನಾನಕ್ಕೆ ಕೂರಿಸಿ ಫೋನಿನಲ್ಲಿ ವಿಡಿಯೋ ನೋಡುತ್ತಿದ್ದಳು. ಹಬೆಯಲ್ಲಿ ಯಾರೋ ಕೇಕು ಮಾಡುವ ಸದ್ದು ಬರುತ್ತಿತ್ತು. ನಾಲ್ಕನೆಯ ದಿನ ನನ್ನ ಫೋನ್ ಬಡಿದುಕೊಂಡಿತು.

"ಮಾಮಾ, ನಾನೇನಾದರೂ ತಪ್ಪು ಮಾಡಿದೆನಾ?"

ಫೈಲಿನಲ್ಲಿ ಐಡೆಂಟಿಟಿ ಕನ್ಸರ್ನ್ ಎಂದು ಬರೆದಿದ್ದಾರಂತೆ. ಅದು ಕ್ಲಿಯರ್ ಆಗುವ ತನಕ ಹೊಸ ಮನೆ ಕೊಡುವುದಿಲ್ಲ, ಕೆಲಸದಲ್ಲಿದ್ದಾಳೆಂಬ ಲೆಟರನ್ನೂ ಕೊಡುವುದಿಲ್ಲ. ಆ ಲೆಟರ್ ಬೇಕಾಗಿದ್ದದ್ದು ಅವಳ ಮಗಳ ವೀಸಾಕ್ಕೆ. ಹದಿನೈದು ದಿನದಲ್ಲಿ ಆಡಿಸ್‌ನಲ್ಲಿ ಇಂಟರ್‌ವ್ಯೂ. ಐದು ವರ್ಷದಿಂದ ಆ ಮಗುವನ್ನು ಅವಳು ಫೋನಿನ ಪರದೆಯಲ್ಲೇ ಬೆಳೆಸಿದ್ದಳು. ಲೆಟರ್ ಇಲ್ಲದಿದ್ದರೆ ಮತ್ತೆ ಮೊದಲಿನಿಂದ ಕಾಯಬೇಕು. "ಅವರೂ ಅದನ್ನೇ ಕೇಳ್ತಾರೆ ಮಾಮಾ. ನಿನ್ನ ಮಗಳ ಹೆಸರು ನಿನ್ನ ಹೆಸರಿನ ಹಾಗೆ ಯಾಕಿಲ್ಲ ಅಂತ. ನಿಮ್ಮ ಮನೆಯವರೂ ಕೇಳ್ತಾರೆ ಅಂದುಕೊಂಡಿರಲಿಲ್ಲ. ನಿಮ್ಮಲ್ಲೂ ಹೀಗೇ ಅಂತ ಹೇಳಿದ್ದಿರಲ್ಲ."

ಹೇಳಿದ್ದೆ. ಸಾಕಮ್ಮನ ಕಥೆ ಹೇಳಿ ಇಬ್ಬರೂ ನಕ್ಕಿದ್ದೆವು.

ಸಂಜೆ ಮಗಳು ಮನೆಗೆ ಬಂದು ಬ್ಯಾಗು ಕೆಳಗಿಡುವ ಮುಂಚೆಯೇ ಹೇಳಿದೆ: "ನಿನ್ನ ಪಾಸ್‌ಪೋರ್ಟ್ ತಗೊಂಡು ಬಾ. ನನ್ನದೂ."

"ಯಾಕಮ್ಮಾ? ವಾಟ್ ಹ್ಯಾಪನ್ಡ್?"

"ತಗೊಂಡು ಬಾರೇ."

ಎರಡನ್ನೂ ಡೈನಿಂಗ್ ಟೇಬಲ್ಲಿನ ಮೇಲೆ ಪಕ್ಕಪಕ್ಕ ಬಿಡಿಸಿಟ್ಟೆ. "ಇದು ಯಾರದು, ನಿನ್ನ ಹಿಂದೆ ಇರೋ ಹೆಸರು?"

"ನಮ್ಮ ಮಾವನವರದು. ಐ ಮೀನ್, ನಮ್ಮ ಲಾಸ್ಟ್ ನೇಮ್."

"ಲಾಸ್ಟ್ ನೇಮೂ ಇಲ್ಲ, ಫಸ್ಟ್ ನೇಮೂ ಇಲ್ಲ. ಅದು ಅರಸೀಕೆರೆ ರೈಲ್ವೆಯಲ್ಲಿದ್ದ ಒಬ್ಬ ಮುದುಕರ ಹೆಸರು. ಅವರನ್ನ ನೀನು ನೋಡಿದ್ದು ಒಟ್ಟು ಹನ್ನೊಂದು ದಿನ. ಅವರ ಹೆಸರನ್ನ ಕತ್ತಿಗೆ ಕಟ್ಟಿಕೊಂಡು ಕ್ರ್ಯಾನ್‌ಬರಿಯಲ್ಲಿ ಜನರ ಕಾಗದ ಪರೀಕ್ಷೆ ಮಾಡ್ತೀಯ. ನನ್ನ ಹಿಂದೆ ಯಾರದು?"

"ಅಪ್ಪಂದು."

"ನಮ್ಮಮ್ಮನ ಹಿಂದೆ?"

"ಅಜ್ಜಿಗೆ... ಏನೂ ಇರಲಿಲ್ಲ ಅನ್ಸುತ್ತೆ."

"ಮೂರು ತಲೆ. ಒಂದಕ್ಕೊಂದು ಮ್ಯಾಚ್ ಆಗುತ್ತೇನೆ? ಯಾವ ಏಜೆನ್ಸಿಗೆ ಫೋನ್ ಮಾಡೋಣ ಹೇಳು. ನಾನು ನಿನ್ನ ತಾಯಿ ಅನ್ನೋದಕ್ಕೆ ಪ್ರೂಫ್ ಏನಿದೆ?"

ಹೋಮ್‌ವರ್ಕ್ ಮಾಡುತ್ತಿದ್ದ ಮೊಮ್ಮಗಳು ತಲೆಯೆತ್ತದೆ, "ಶಿ ಹ್ಯಾಸ್ ಯುವರ್ ನೋಸ್, ಅಜ್ಜಿ," ಎಂದಳು.

ಮಗಳ ಮುಖ ಕೆಂಪಗಾಯಿತು. "ಅಂಕಲ್ ಹೇಳಿದ್ರು ಅಂತ... ಐ ವಾಸ್ ಓನ್ಲಿ ಥಿಂಕಿಂಗ್ ಆಫ್ ಯು, ಅಮ್ಮ."

"ನನ್ನ ಬಗ್ಗೆ ಯೋಚನೆ ಮಾಡೋದು ನಿಲ್ಲಿಸಿ ಅವಳ ಬಗ್ಗೆ ಮಾಡು. ಹದಿನೈದು ದಿನ ಇದೆ," ಎಂದು ಫೋನಿನಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ನನ್ನ ಮಗಳು ಕೆಟ್ಟ ಹುಡುಗಿಯಲ್ಲ. ಕೂತಳು, ಕಣ್ಣೊರೆಸಿಕೊಂಡಳು. ಮರುದಿನ ಬೆಳಿಗ್ಗೆ ಆಫೀಸಿಗೆ ಲೇಟಾಗಿ ಹೋಗುತ್ತೇನೆಂದು ಹೇಳಿ ಏಜೆನ್ಸಿಗೆ ಫೋನ್ ಹಚ್ಚಿದಳು. ಆದರೆ ದೂರು ಎತ್ತುವುದು ಸುಲಭ, ಇಳಿಸುವುದು ಹಾಗಲ್ಲ. ಹಿಂದಕ್ಕೆ ತೆಗೆದುಕೊಳ್ಳಬೇಕಾದರೆ ಕ್ಲೈಂಟೇ ಮಾತಾಡಬೇಕು. ಕ್ಲೈಂಟು ಅಂದರೆ ನಾನು. ಅದೂ ಮನುಷ್ಯರ ಜೊತೆಯಲ್ಲ, ಮೊದಲು ಯಂತ್ರಕ್ಕೆ ತನ್ನ ಪೂರ್ಣ ಹೆಸರು ಹೇಳಿ ರೆಕಾರ್ಡ್ ಮಾಡಿಸಬೇಕು.

ಫೋನನ್ನು ಸ್ಪೀಕರಿಗೆ ಹಾಕಿ ಮಗಳು ನನ್ನ ಮುಂದೆ ಇಟ್ಟಳು. "ಪ್ಲೀಸ್ ಸೇ ಯುವರ್ ಫಸ್ಟ್ ಅಂಡ್ ಲಾಸ್ಟ್ ನೇಮ್," ಎಂದಿತು, ಎಂದೂ ನೆಗಡಿಯಾಗದ ಒಂದು ಹೆಂಗಸಿನ ದನಿ.

ನನ್ನ ಹೆಸರು ಹೇಳಿ, ಉಳಿದದ್ದನ್ನು ಬಿಡಿಬಿಡಿ ಅಕ್ಷರವಾಗಿ ಒಪ್ಪಿಸಿದೆ.

"ಐ ಆಮ್ ಸಾರಿ, ಐ ಡಿಡಂಟ್ ಗೆಟ್ ದಟ್."

ಮತ್ತೆ ಅಕ್ಷರ. ಮತ್ತೆ ಸಾರಿ. ಯಂತ್ರಕ್ಕೆ ತಳ್ಳಲು ಕಾರ್ಡಿರಲಿಲ್ಲ. ಮಗಳು ಬಾಯಿ ತೆರೆಯುವುದರಲ್ಲಿದ್ದಳು. ತಾನು ಹೇಳಬಾರದೆಂದು ನೆನಪಾಗಿ ಮುಚ್ಚಿಕೊಂಡಳು. "ಹೇಳಮ್ಮ," ಎಂದಳು ಮೆತ್ತಗೆ. "ಅಪ್ಪ ಏನೂ ಅಂದುಕೊಳ್ಳಲ್ಲ."

ಅವಳಿಗೇನು ಗೊತ್ತು. ಅಂದುಕೊಳ್ಳುವುದಿಲ್ಲವೆಂದೇ ತಾನೆ ನನ್ನ ಸಂಕಟ. ಹೊಸ್ತಿಲ ಮೇಲೆ ಕಿವಿಗೊಟ್ಟು ಕಾದವರಿಗೆ ಹೇಳಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಕೇಳಿದವರಿಗೆ ಹೇಳಲಿಲ್ಲ. ಈಗ, ಯಾರದೂ ಅಲ್ಲದ ಒಂದು ದನಿಗೆ, ಬೆಳಗಿನ ಹೊತ್ತಿನಲ್ಲಿ, ಸಿಂಕಿನಲ್ಲಿ ಕಾಫಿ ಲೋಟಗಳು ಬಿದ್ದಿರುವಾಗ, ಹೇಳಿದೆ. ಪೂರ್ತಿಯಾಗಿ, ಒತ್ತಕ್ಷರ ಬಿಡದೆ.

"ಥ್ಯಾಂಕ್ ಯೂ," ಎಂದಿತು ಯಂತ್ರ. ಅಷ್ಟೇ. ಐವತ್ತೈದು ವರ್ಷ ಕ್ಷೇಮವಾಗಿ ಇಟ್ಟುಕೊಂಡದ್ದಕ್ಕೆ ಎರಡು ಪದ, ಮುಂದೆ ಹೋಲ್ಡ್ ಮ್ಯೂಸಿಕ್.

ಆಮೇಲೆ ಬಂದ ಕೋಆರ್ಡಿನೇಟರಿಗೆ ನಾನು ಸಿಸ್ಟರುಗಳು ಕಲಿಸಿದ ಇಂಗ್ಲಿಷಿನಲ್ಲಿ, ಒಂದೂ ಕಾಮಾ ತಪ್ಪದೆ, ಪಾಠ ಮಾಡಿದೆ. ನಮ್ಮ ಮನೆಯಿಂದ ಹೋದ ದೂರು ನಮ್ಮದೇ ಅಜ್ಞಾನ. ಇಥಿಯೋಪಿಯಾದಲ್ಲಿ ಹೆಸರು ಹೀಗೆ, ನಮ್ಮಲ್ಲೂ ಹೀಗೆ. ಅದು ಇವತ್ತೇ ಫೈಲಿನಿಂದ ಹೋಗಬೇಕು. ಆಕೆ ಎರಡು ಸಲ "ಯೆಸ್ ಮ್ಯಾಮ್" ಎಂದಳು. ಮುಂದಿನ ಸೋಮವಾರ ಮಿಟಿಕುವಿನ ಮಗಳು ಎಂದಿನ ಟ್ರೇನಿನಲ್ಲಿ ಬಂದಳು. ನನ್ನ ಮಗಳು ಬಾಗಿಲಲ್ಲೇ ಅವಳ ಎರಡೂ ಕೈ ಹಿಡಿದುಕೊಂಡು ಏನೋ ಹೇಳಿದಳು. ಇಬ್ಬರೂ ಅತ್ತರು. ನಾನು ನನ್ನ ಸಾಕ್ಸಿಗಾಗಿ ಕಾಯುತ್ತಿದ್ದೆ.

ಅಂಕಲ್ ಮತ್ತೊಂದು ಸಲ ಬಂದಿದ್ದರು, ಪ್ರೂಫ್ ತೋರಿಸಲು. ನನ್ನ ಪುಟದಲ್ಲಿ ಅಡ್ಡಹೆಸರಿನ ಎದುರು ಒಂದು ಗೀಟು. "ಖಾಲಿ ಬಿಡಲಿಕ್ಕೆ ಮನಸ್ಸ ಬರವಲ್ದು ಅಕ್ಕಾರ," ಎಂದರು.

"ಖಾಲಿ ಬಿಡಿ," ಎಂದೆ. "ನಿಮ್ಮ ಮುತ್ತಜ್ಜ ಸಂತೆಯಲ್ಲಿ ಏನು ಮಾರುತ್ತಿದ್ದರೋ ಅದನ್ನ ಯಾವನೋ ಶಾನುಭೋಗ ಬರೆದುಕೊಂಡ. ಇವಳ ಅಜ್ಜಿ ಒಂದು ಮಗು ಕಳೆದುಕೊಂಡು, ಇನ್ನೊಂದು ಹುಟ್ಟಿದಾಗ ತಾನೇ ಬಾಯಿಬಿಟ್ಟು ಹೆಸರಿಟ್ಟಳು. ಯಾವುದು ಬೆನ್ನೆಲುಬು, ನೀವೇ ಹೇಳಿ. ಎಂಜಿನಿಯರ್ ಅಲ್ವಾ ನೀವು."

"ಅಕ್ಕಾರ ಇವತ್ತ ಭಾಳ ಖಾರ ಅದಾರ," ಎಂದು ನಗೆಯಾಡಿ ಟೀ ಬಿಟ್ಟು ಎದ್ದರು. ತರಕಾರಿಯವರಿಗೆ ಖಾರದ ಪರಿಚಯ ಇರಬೇಕಲ್ಲ.

ಏಜೆನ್ಸಿಯ ಲೆಟರ್ ಬಂತು. ಅದರ ಜೊತೆಗೆ ತಾನು ಕೆಲಸ ಮಾಡುವ ಮನೆಯವರದೂ ಒಂದು ಕಾಗದವಿದ್ದರೆ ಒಳ್ಳೆಯದು ಎಂದು ಅವಳಿಗೆ ಯಾರೋ ಹೇಳಿದ್ದರು. ಸಂಕೋಚದಿಂದ ಕೇಳಿದಳು. ನಾನು ಮಗಳ ಪ್ರಿಂಟರನ್ನು ತಿರಸ್ಕರಿಸಿ, ಕಾನ್ವೆಂಟಿನ ಕರ್ಸಿವಿನಲ್ಲಿ ಇಂಕ್ ಪೆನ್ನಿನಿಂದ ಒಂದು ಪುಟ ಬರೆದೆ. ಇವಳು ನನ್ನನ್ನು ನಡೆಸಿದವಳು, ಇವಳ ಮಗಳ ಹೆಸರಿನ ಹಿಂದೆ ಇವಳ ಹೆಸರಿಲ್ಲದಿರುವುದು ಇವಳ ಜನರ ಮರ್ಯಾದೆ, ಅದನ್ನು ಅನುಮಾನಿಸುವುದು ಅನುಮಾನಿಸುವವರ ಬಡತನ, ಎಂದು. ಕೊನೆಯ ಸಾಲನ್ನು ಮಗಳು ಹೊಡೆಸಿದಳು. ಕಾನ್ಸುಲೇಟಿಗೆ ಹೋಗುವ ಕಾಗದದಲ್ಲಿ ಅಷ್ಟು ಬೇಡವಂತೆ. ಕಂಪ್ಲಯನ್ಸು.

"ಓದಿ ಮಾಮಾ," ಎಂದಳು ಅವಳು, ನನ್ನ ಕಾಲ ಬಳಿಯ ಮಣೆಯ ಮೇಲೆ ಕೂತು. ಮೇಲಿನಿಂದ ಓದಿದೆ. ಅವಳ ಹೆಸರು ಓದಿದೆ. ಮಿಟಿಕು ಎಂದು ಓದಿದಾಗ ಅವಳು ಬಾಗಿಲ ಕಡೆ ನೋಡಲಿಲ್ಲ. ಅವಳ ಮಗಳ ಹೆಸರು, ಅದರ ಹಿಂದಿನ ಸತ್ತ ಗಂಡನ ಹೆಸರು ಓದಿದೆ. ಕೆಳಗೆ ಸಹಿಯ ತನಕ ಬಂದು ನಿಂತೆ.

"ಇದೂ ಅಪ್ಪನದಾ?" ಎಂದು ಬೆರಳಿಟ್ಟು ಕೇಳಿದಳು.

"ಅಲ್ಲ. ನಮ್ಮ ಯಜಮಾನರದು," ಎಂದು ಅದನ್ನೂ ಓದಿದೆ. ಎರಡನೆಯ ಸಲಕ್ಕೆ ನಾಲಿಗೆ ಅಷ್ಟು ತೊಡರಲಿಲ್ಲ. ಅವಳು ತಾನೂ ಒಮ್ಮೆ ಹೇಳಿ ನೋಡಿದಳು. ಸ್ವಲ್ಪ ವಾರೆಯಾಗಿತ್ತು. ತಿದ್ದಲು ಮತ್ತೊಮ್ಮೆ ಹೇಳಬೇಕಾಯಿತು.

ಕಾಗದ ಆಡಿಸ್‌ಗೆ ಹೋಗಿದೆ. ಇಂಟರ್‌ವ್ಯೂ ಮುಗಿದಿದೆ, ಉತ್ತರ ಬಂದಿಲ್ಲ. ಅವಳು ದಿನಕ್ಕೆ ಹತ್ತು ಸಲ ಫೋನ್ ನೋಡುತ್ತಾಳೆ, ನಾನು ಹನ್ನೊಂದು ಸಲ ಅವಳ ಮುಖ ನೋಡುತ್ತೇನೆ. ನಮ್ಮ ಯಜಮಾನರಿಗೆ ವಿಮಾನವೆಂದರೆ ಭಯ. ಬೆಂಗಳೂರು ಬಿಟ್ಟು ಆಚೆ ಹೋದವರಲ್ಲ, ಮಗಳ ಮನೆಗೂ ಬರಲಿಲ್ಲ. ಈಗ ಅವರ ಹೆಸರು ಇಥಿಯೋಪಿಯಾದ ಒಂದು ಆಫೀಸಿನ ಫೈಲಿನಲ್ಲಿ, ಒಂದು ಹುಡುಗಿಯ ಫೋಟೋದ ಕೆಳಗೆ, ಕಾಯುತ್ತ ಕೂತಿದೆ. ಕಾಯುವುದು ಅವರಿಗೆ ಅಭ್ಯಾಸವಿದೆ.